ಕೈ ತೋರಿಸಿದಲ್ಲಿ ನಿಲ್ಲುವ ಬಸ್ಸು

ರೇಸಿನ ನಡುವೆ ಮಾವ ಮೂರನೆಯ ಸಲ ಬ್ರೇಕ್ ಹಾಕಿದರು. ಹಿಂದಿದ್ದ ಕಾರುಗಳೆಲ್ಲ ಸುಂಯ್ ಎಂದು ದಾಟಿಹೋದವು.

"ಯಾಕೆ ಮಾವ, ಮತ್ತೆ ನಿಲ್ಲಿಸಿದ್ರಿ?" ಸೊಸೆ ಕೇಳಿದಳು.

"ಪಾಪ, ಅಷ್ಟು ಜನ ಕೈ ತೋರಿಸ್ತಾ ಇದಾರಲ್ಲಮ್ಮ."

ಟೀವಿಯಲ್ಲಿ, ಬೇಲಿಯಾಚೆ ನಿಂತ ಪ್ರೇಕ್ಷಕರು ಹುರುಪಿನಿಂದ ಕೈ ಬೀಸುತ್ತಿದ್ದರು. ಮೂವತ್ತೆರಡು ವರ್ಷ ಸಿಟಿ ಬಸ್ಸು ಓಡಿಸಿದ ಕಾಲು, ಕೈ ಕಂಡರೆ ತಾನಾಗಿ ಬ್ರೇಕಿಗೆ ಹೋಗುತ್ತದೆ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಮಾವನ ಈ ಗುಣ ಹುಟ್ಟಿದ್ದು ಡಿಪೋದಲ್ಲಿ. ನಿವೃತ್ತಿಯಾದ ಮೇಲೆ ಅವರು ಸ್ಟಿಯರಿಂಗ್ ಹಿಡಿದದ್ದು ಇವತ್ತೇ, ಅದೂ ಊಟದ ಮೇಜಿಗೆ ಬಿಗಿದ ಆಟದ ಸ್ಟಿಯರಿಂಗ್. ಹನ್ನೆರಡು ಕಾರುಗಳಲ್ಲಿ ಹನ್ನೆರಡನೆಯವರಾಗಿ ಬಂದರೂ ಮುಖ ಅರಳಿತ್ತು.

ಸೊಸೆಗೆ ನಗು ಬಂತು, ನಗುವಿನ ಬೆನ್ನಿಗೇ ಆಫೀಸೂ ನೆನಪಾಯಿತು. ಆ ವಿಡಿಯೋ ಗೇಮ್ ತಯಾರಿಸುವ ಕಂಪನಿಯಲ್ಲೇ ಅವಳ ಕೆಲಸ. ವರ್ಷಕ್ಕೊಂದು ಹೊಸ ಆಟ, ನಡುನಡುವೆ ಮೂರು ತಿಂಗಳಿಗೊಂದು 'ಪ್ಯಾಕ್': ಎರಡು ಕಾರು, ಒಂದು ರಸ್ತೆ, ಅದಕ್ಕೆ ಬೇರೆ ದುಡ್ಡು. ಪ್ಯಾಕಿನಲ್ಲಿ ಏನಿರಬೇಕೆಂದು ಯೋಚಿಸುವವಳು ಇವಳು. ಹಿಂದಿನ ಎರಡನ್ನು ಜನ ಮೂಸಿಯೂ ನೋಡಿರಲಿಲ್ಲ. ಮೂರನೆಯದೂ ಹಾಗೇ ಆದರೆ ಕುರ್ಚಿ ಖಾಲಿ ಮಾಡಬೇಕಾದೀತೆಂದು ಮ್ಯಾನೇಜರು ನಗುನಗುತ್ತಲೇ ಹೇಳಿದ್ದರು.

ಮರುದಿನ ಮೀಟಿಂಗಿನಲ್ಲಿ ಅವಳು, "ಬಸ್ ಪ್ಯಾಕ್" ಎಂದಳು. ಕೈ ತೋರಿಸಿದಲ್ಲೆಲ್ಲ ನಿಲ್ಲಿಸಬೇಕು, ಜನರನ್ನು ಹತ್ತಿಸಿಕೊಳ್ಳಬೇಕು, ಆಮೇಲೂ ರೇಸ್ ಗೆಲ್ಲಬೇಕು. ಎಲ್ಲರೂ ನಕ್ಕರು, ನಕ್ಕವರೇ ಒಪ್ಪಿದರು. ಎಲ್ಲ ತಯಾರಾಗಿ, ಬಿಡುಗಡೆಗೆ ವಾರವಿದ್ದಾಗ ಮ್ಯಾನೇಜರು ಬಂದು, "ಇದ್ದಬದ್ದದ್ದನ್ನೆಲ್ಲ ಒಂದೇ ಸಲ ಬಡಿಸಿಬಿಟ್ರೆ ನಾಳೆ ಏನು ಮಾರೋದು? ಏನಾದ್ರೂ ಒಂದು ತೆಗೆದಿಡಿ" ಎಂದರು. ಇಲ್ಲದಿದ್ದರೂ ನಡೆಯುತ್ತದೆ ಎನ್ನಿಸಿದ್ದೊಂದನ್ನು ಅವಳು ತೆಗೆದಿಟ್ಟಳು.

ಪ್ಯಾಕ್ ಬಿಡುಗಡೆಯಾದ ದಿನ ಮಧ್ಯಾಹ್ನದೊಳಗೇ ಕುರ್ಚಿ ಗಟ್ಟಿಯಾಯಿತು. ಸಂಜೆ ಮನೆಗೆ ಓಡಿಬಂದು ಮಾವನ ಮುಂದೆ ಆಟ ತೆರೆದಳು. ಮಾವ ತಲೆ ಬಾಚಿಕೊಂಡು, ಅಂಗಿಯ ಗುಂಡಿ ಹಾಕಿಕೊಂಡು ಬಂದು ಕೂತರು. ಮೊದಲ ತಿರುವಿನಲ್ಲೇ ಜನ ಕೈ ತೋರಿಸಿದರು. ಬಸ್ಸು ನಿಂತಿತು, ಬಾಗಿಲು ತೆರೆಯಿತು, ಒಬ್ಬೊಬ್ಬರಾಗಿ ಹತ್ತಿದರು. ಮಾವನ ಕಣ್ಣು ತುಂಬಿತು. ಸೊಸೆಗೂ ಇಷ್ಟು ದಿನದ ಕೆಲಸದಲ್ಲಿ ಇಂಥ ಖುಷಿ ಆಗಿರಲಿಲ್ಲ.

ಬಾಗಿಲು ಮುಚ್ಚಿತು. ಬಸ್ಸು ಮಾತ್ರ ಅಲ್ಲಾಡಲಿಲ್ಲ.

"ಹೊರಡಿ ಮಾವ, ಎಲ್ಲಾ ಹತ್ತಿದ್ರಲ್ಲ."

"ಹತ್ತಿದ್ರೆ ಆಯ್ತಾ? ಕಂಡಕ್ಟರ್ ರೈಟ್ ಅನ್ಬೇಡ್ವಾ?"

ಅವಳು ತೆಗೆದಿಟ್ಟದ್ದು ಅವನನ್ನೇ. ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

"ಕಂಡಕ್ಟರ್ ಈಗ ಬರಲ್ಲ ಮಾವ. ಮೂರು ತಿಂಗಳಾದ ಮೇಲೆ ಬರ್ತಾನೆ. ಅವನಿಗೆ ಬೇರೆ ದುಡ್ಡು ಕೊಡ್ಬೇಕು."

ಮಾವ ಎಂಜಿನ್ ಆರಿಸಿ, ಸ್ಟಿಯರಿಂಗಿನಿಂದ ಕೈ ತೆಗೆದರು.

"ಹಾಗಾದ್ರೆ ಇಷ್ಟು ಜನರನ್ನ ನೀನ್ಯಾಕಮ್ಮ ಹತ್ತಿಸಿಕೊಂಡೆ?"