ರಾಜನ ಬೂಟಿನ ಜೋಡಿ

ರಿಜಿಸ್ಟ್ರಾರ್ ಕಚೇರಿಯಿಂದ ಮನೆಗೆ ಬಂದು ಇನ್ನೂ ಕಾಫಿ ಕೂಡ ಕುಡಿದಿರಲಿಲ್ಲ, ಹೊಸ ಹೆಂಡತಿ ಹೊಸ ಗಂಡನನ್ನು ಮೋಸಗಾರ ಅಂದುಬಿಟ್ಟಳು.

"ಎಡಗಾಲಿಂದು! ಇದೂ ಎಡಗಾಲಿಂದೇ!"

ಮೇಜಿನ ಮೇಲೆ ಎರಡು ಗಾಜಿನ ಪೆಟ್ಟಿಗೆ ಬಾಯ್ತೆರೆದು ಕೂತಿದ್ದವು. ಮುಂದೆ ಎರಡು ಬೂಟು. ಎರಡರ ಅಟ್ಟೆಯ ಮೇಲೂ, ಕೊನೆಯ ಪ್ರದರ್ಶನದಲ್ಲಿ ಅವನ್ನು ತೊಟ್ಟಿದ್ದ ಆಪೆರಾದ ಆ ಮಹಾಗಾಯಕನ ಸಹಿ. ಎರಡೂ ಎಡಗಾಲಿನವು.

"ನಿಮ್ಮದು ನಕಲಿ," ಅಂದರು ಹಲ್ಲಿನ ಡಾಕ್ಟರು, ಅಂದರೆ ಗಂಡ.

"ನನ್ನದಾ? ಹರಾಜಿನಲ್ಲಿ ಕೂಗಿ ತಗೊಂಡಿದ್ದು ಸ್ವಾಮಿ. ನಿಮ್ಮದೇ ಯಾವುದೋ ಗುಜರಿ ಅಂಗಡಿ ಮಾಲು!"

ಆಕೆಗೆ ಕನ್ನಡಕದ ಅಂಗಡಿ. ಊರಿಗೆಲ್ಲ ಕಣ್ಣು ಕಾಣುವಂತೆ ಮಾಡುವವಳಿಗೆ ಇದು ಮೊದಲೇ ಕಾಣಲಿಲ್ಲವೇ ಎಂದು ಕೇಳಬಹುದು. ಕಾಣುವುದೆಲ್ಲಿಂದ? ಸಹಿ ಹಾಕಿದ ಆಪೆರಾ ವಸ್ತು ಕೂಡಿಡುವವರ ಜಾತಿಯೇ ಬೇರೆ. ಕೈಗವಸಿಲ್ಲದೆ ತಾವೇ ಮುಟ್ಟುವುದಿಲ್ಲ, ಇನ್ನೊಬ್ಬರಿಗೆ ತೋರಿಸುವುದಂತೂ ದೂರದ ಮಾತು. ಬೀಸಣಿಗೆಯಿರಲಿ, ತಗಡಿನ ಕಿರೀಟವಿರಲಿ, ಹರಾಜಿಗೆ ಬಂದರೆ ಸಾಕು, ಇಬ್ಬರೂ ಹಾವು ಮುಂಗುಸಿಯಂತೆ ಕಚ್ಚಾಡಿದವರು. ತನ್ನ ಹತ್ತಿರ ಒಂದು ಬೂಟಿದೆ, ಅಂದಮೇಲೆ ಅವರ ಹತ್ತಿರ ಇರುವುದು ಇನ್ನೊಂದು ಕಾಲಿನದು. ಅದನ್ನೇನು ಕೇಳುವುದು? ಡಾಕ್ಟರದ್ದೂ ಅದೇ ಲೆಕ್ಕ. ಮಾರಲು ಇಬ್ಬರೂ ಸುತರಾಂ ಒಪ್ಪಲಿಲ್ಲ. ಜೋಡಿ ಒಂದೇ ಮನೆ ಸೇರಬೇಕೆಂದರೆ ಉಳಿದದ್ದು ಒಂದೇ ದಾರಿ.

"ಬೂಟಿಗೋಸ್ಕರ ಮದುವೆಯಾಗೋಳನ್ನ ನಾನಂತೂ ಕಂಡಿಲ್ಲ ಕಣೇ," ಎಂದು ಅಕ್ಕ ಹಣೆ ಚಚ್ಚಿಕೊಂಡಿದ್ದಳು.

ಶುರುವಾದದ್ದು ಬೂಟಿಗೋಸ್ಕರವೇ, ನಿಜ. ಆದರೆ ಮಾತುಕತೆಗೆಂದು ಬಂದ ಡಾಕ್ಟರು ಆ ಗಾಯಕನ ಕೊನೆಯ ಪ್ರದರ್ಶನದ ಸುದ್ದಿ ತೆಗೆದರೆ ಆಕೆಗೆ ಅಂಗಡಿಯ ಬಾಗಿಲು ಹಾಕುವುದೇ ಮರೆತುಹೋಗುತ್ತಿತ್ತು. ಅಂದು ಗ್ಯಾಲರಿಯ ಆ ಮೂಲೆಯಲ್ಲಿ ಅವರು, ಈ ಮೂಲೆಯಲ್ಲಿ ಇವಳು, ಇಬ್ಬರೂ ಗೊಳೋ ಎಂದು ಅತ್ತವರೇ. ರಾಜ್ಯ ಕಳೆದುಕೊಂಡ ಮುದಿ ರಾಜನಾಗಿ ಆ ಗಾಯಕ ಮುಖ ಕಿವುಚಿಕೊಂಡು, ಬಲಪಾದ ಹೊರಕ್ಕೆ ಸೊಟ್ಟಗಾಗಿ, ಎರಡು ಹೆಜ್ಜೆಗೊಮ್ಮೆ ತಡವರಿಸುತ್ತ ಕತ್ತಲೆಯೊಳಗೆ ನಡೆದುಹೋಗಿದ್ದ. 'ಕಳೆದ ರಾಜ್ಯದ ಭಾರವೆಲ್ಲ ಆ ಬಲಗಾಲಿನಲ್ಲಿತ್ತು' ಎಂದು ಪತ್ರಿಕೆಗಳು ಬರೆದವು. ಆಮೇಲೆ ರಾಜನ ಪಾತ್ರ ಮಾಡಿದವರೆಲ್ಲ ಅದೇ ನಡಿಗೆಗೆ ಒದ್ದಾಡಿದರು, ಒಬ್ಬರಿಗೂ ಬರಲಿಲ್ಲ. ಇದನ್ನು ಹೇಳುತ್ತ ಡಾಕ್ಟರು ಮುಂದಿಟ್ಟ ಕಾಫಿಯನ್ನು ಆರಲು ಬಿಡುತ್ತಿದ್ದರು. ಈ ಮನುಷ್ಯ ಆಕೆಗೆ ಬೇಕು. ಬೂಟಿಲ್ಲದಿದ್ದರೂ ಬೇಕು. ಹಾಗೆಂದು ಹೇಳಲು ಮಾತ್ರ ಹಾಳು ನಾಲಿಗೆ ಹೊರಳಲಿಲ್ಲ.

"ಮೋಸಗಾರನ ಜೊತೆ ಸಂಸಾರ ಯಾಕೆ? ನಾನು ಹೊರಟೆ." ಡಾಕ್ಟರು ಎದ್ದರು. "ನೀವು ನಂದು ನಕಲಿ ಅಂತೀರಿ, ನಾನು ನಿಮ್ಮದು ನಕಲಿ ಅಂತೀನಿ. ನಕಲಿ ಬೂಟಿಗೆ ಎಂಥ ಮರ್ಯಾದೆ?"

ಎಂದವರೇ ಎರಡನ್ನೂ ನೆಲಕ್ಕೆ ಎಸೆದು, ಕಾಲು ತೂರಿಸಿ, ಸಿಟ್ಟಿನಲ್ಲಿ ಲೇಸು ಬಿಗಿದರು.

"ಅಯ್ಯಯ್ಯೋ! ಅಟ್ಟೆ ಮೇಲೆ ಸಹಿ ಇದೆ, ಉಜ್ಜಿಹೋಗತ್ತೆ ಕಣ್ರೀ!"

"ಹೋಗಲಿ!"

ಬಾಗಿಲ ಕಡೆಗೆ ಹೆಜ್ಜೆ ಹಾಕಿದರು. ತಡೆಯಲು ಕೈ ಚಾಚಿದ ಆಕೆ ಹಾಗೇ ನಿಂತುಬಿಟ್ಟಳು. ಕಣ್ಣಲ್ಲಿ ಬಳಬಳ ನೀರು.

"ನಿಲ್ಲಬೇಡಿ," ಅಂದಳು. "ಸಹಿ ಹಾಳಾಗಿಹೋಗಲಿ. ಹಾಗೇ ನಡೀರಿ."

"ಬೂಟು ಕಾಲು ಕಚ್ತಿದೆ ಕಣ್ರೀ!" ಡಾಕ್ಟರು ಮುಖ ಕಿವುಚಿದರು.

ಬಲಪಾದ ಹೊರಕ್ಕೆ ಸೊಟ್ಟ, ಎರಡು ಹೆಜ್ಜೆಗೊಮ್ಮೆ ತಡವರಿಕೆ. ಸಾಕ್ಷಾತ್ ಆ ರಾಜನೇ ನಡುಮನೆಯಲ್ಲಿ ನಡೆದುಹೋಗುತ್ತಿದ್ದ: ಎರಡು ಬೂಟೂ ಅಸಲಿ, ಎರಡೂ ಎಡಗಾಲಿನವೇ.