ಮೊದಲು ನಿಂತ ನಿಯಮ

"ಎಂಟು ವರ್ಷದಿಂದ ಪಾಸಾಗ್ತಾ ಬಂದಿರೋ ಟೆಸ್ಟ್ ಕಣಮ್ಮಾ. ಇವತ್ತೇ ಯಾಕೆ ಕೆದಕ್ತೀಯ?" ತಂಡದ ಮುಖ್ಯಸ್ಥ ಗಡಿಯಾರ ನೋಡಿದ. ಕಂಪ್ಯೂಟರಿನ ಒಳಗಿನ ಕೆಲಸವನ್ನೆಲ್ಲ ಆಳುವ ಹೊಸ ಕರ್ನಲ್ ಮಧ್ಯಾಹ್ನದೊಳಗೆ ಆಸ್ಪತ್ರೆಗಳಿಗೆ ಹೋಗಬೇಕಿತ್ತು.

ಪರೀಕ್ಷಕಿ ಪಟ್ಟು ಬಿಡಲಿಲ್ಲ. ಅವಳ ಬೆರಳು ಪರದೆಯ ಎರಡು ಸಾಲುಗಳ ಮೇಲೇ ಇತ್ತು. ಆಸ್ಪತ್ರೆಯ ಮಾಹಿತಿಯೆಲ್ಲ ಗುಪ್ತಲಿಪಿಯ ಬೀಗವಿಲ್ಲದೆ ಹೋಗಲಿ ಅನ್ನುವುದು ಒಂದು ನಿಯಮ; ಲ್ಯಾಬಿನದಕ್ಕೆ ಮಾತ್ರ ಬೀಗ ಬೀಳಲೇಬೇಕು ಅನ್ನುವುದು ಇನ್ನೊಂದು. ಲ್ಯಾಬಿನ ಮಾಹಿತಿಗೆ ಎರಡೂ ಅನ್ವಯಿಸುತ್ತವೆ. ಆಗ ಕರ್ನಲ್ ಆದ್ಯತೆ ಹೆಚ್ಚಿರುವ ಬೀಗದ ನಿಯಮವನ್ನೇ ಆರಿಸಬೇಕು. ಆರಿಸುತ್ತಲೂ ಇತ್ತು. ಆದರೆ ಟೆಸ್ಟಿನಲ್ಲಿ ಆ ನಿಯಮವನ್ನು ಸೇರಿಸುತ್ತಿದ್ದುದೇ ಮೊದಲು. ಅದು ಗೆದ್ದದ್ದು ಆದ್ಯತೆಯಿಂದಲೋ, ಸಾಲಿನಲ್ಲಿ ಮುಂದೆ ನಿಂತಿದ್ದರಿಂದಲೋ, ಯಾರು ಕಂಡಿದ್ದಾರೆ?

ಸಾಲುಗಳನ್ನು ಅದಲುಬದಲು ಮಾಡಿ ಟೆಸ್ಟನ್ನು ಮತ್ತೆ ಓಡಿಸಿದಳು. ಟೆಸ್ಟಿಗೆಂದೇ ಹುಟ್ಟಿಸಿದ ರೋಗಿಯ ರಕ್ತದ ವರದಿ ಯಾರು ಬೇಕಾದರೂ ಓದುವಂತೆ ಬಟಾಬಯಲಾಯಿತು.

ಮುಖ್ಯಸ್ಥ ಕುರ್ಚಿ ಎಳೆದುಕೊಂಡು ಕುಸಿದ. "ಈ ಟೆಸ್ಟ್ ಬರೆದ ಪುಣ್ಯಾತ್ಮ ಯಾರು? ಮೊದಲು ಅವನನ್ನ ಕರಿ."

"ಕರೆಯೋದೇನೂ ಬೇಡ ಸರ್, ಇಲ್ಲೇ ಕೂತಿದೀನಿ," ಎಂದು ಅವಳು ಬಿಡುಗಡೆ ನಿಲ್ಲಿಸುವ ಗುಂಡಿ ಒತ್ತಿದಳು.