ಒಳಜೇಬು

ಅಳತೆ ತೆಗೆಯುತ್ತಿದ್ದ ಟೈಲರನ ಕೈ ಡ್ರಿಲ್ ಮೇಷ್ಟ್ರ ಎಡಮೊಣಕಾಲ ಕೆಳಗೆ ಕಟ್ಟಿದ್ದ ಮೂತ್ರದ ಚೀಲಕ್ಕೆ ತಾಗಿ ನಿಂತಿತು. ಮೇಷ್ಟ್ರು ಗೋಡೆಯ ಕ್ಯಾಲೆಂಡರನ್ನೇ ನೋಡುತ್ತಿದ್ದರು. ಕೊಳವೆ ಹಾಕಿಸಿಕೊಂಡು, ಶಾಲೆಯ ಮೈದಾನ ಬಿಟ್ಟು ಏಳು ತಿಂಗಳಾಗಿತ್ತು. ಮೊದಮೊದಲು ನಾಚಿಕೆಯಿಂದ ಹಿಡಿಯಾಗುತ್ತಿದ್ದರು. ಈಗ ಅದೂ ಮರಗಟ್ಟಿಹೋಗಿತ್ತು. ಮಗಳ ಮದುವೆಗೊಂದು ಪ್ಯಾಂಟ್ ಬೇಕೆಂದು ಹೆಂಡತಿ ಅಟ್ಟಿದ್ದಳು, ಬಂದಿದ್ದರು ಅಷ್ಟೆ.

"ಎಡಗಾಲು ಎರಡಿಂಚು ಸಡಿಲ ಬಿಡ್ತೀನಿ ಸಾರ್," ಅಂದ ಟೈಲರ್, ತಲೆ ಎತ್ತದೆ. "ಚೀಲ ಕೂರೋಕೆ ಒಳಗೊಂದು ಜೇಬು, ಪಕ್ಕದ ಹೊಲಿಗೇಲಿ ಜಿಪ್ಪು. ಖಾಲಿ ಮಾಡೋಕೆ ಪ್ಯಾಂಟ್ ಬಿಚ್ಚೋ ಪಾಡಿರಲ್ಲ."

"ಇದೆಲ್ಲ ನಿಂಗೆ ಹೇಗೆ ಗೊತ್ತಯ್ಯ?"

ಟೈಲರ್ ಕೂತಲ್ಲೇ ತನ್ನ ಪ್ಯಾಂಟಿನ ಎಡಗಾಲಿನ ಜಿಪ್ಪನ್ನು ಗೇಣುದ್ದ ಎಳೆದು, ಒಳಗಿನ ಚೀಲ ತೋರಿಸಿ, ಮತ್ತೆ ಮುಚ್ಚಿದ.

ಮೇಷ್ಟ್ರು ಬೆನ್ನು ನೆಟ್ಟಗೆ ಮಾಡಿ ನಿಂತರು.

"ಎರಡು ಹೊಲಿದುಬಿಡು," ಅಂದರು. "ಮದುವೆಗೊಂದು, ಮೈದಾನಕ್ಕೊಂದು."